ಕೋಳಿ ನೀರು ಕುಡಿದ ವೀಲ್ ಕ್ಯಾಪ್

ಅಪ್ಪಾ,

ನೀನು ಉಸಿರಿರುವವರೆಗೂ ಹುಡುಕಿದ, ಕಾರಿನ ನಾಲ್ಕನೇ ಚಕ್ರದ ವೀಲ್ ಕ್ಯಾಪ್ ಇವತ್ತು ಸಿಕ್ಕಿತು. ಗುಜರಿಯವನ ತಾಯಿ ಅದರಲ್ಲಿ ಕೋಳಿಗಳಿಗೆ ನೀರಿಟ್ಟಿದ್ದರು. ಕೇಳಲು ನಾಚಿ ಕೋಳಿಗಳನ್ನೇ ನೋಡುತ್ತಾ ನಿಂತೆ.

“ಏನಪ್ಪಾ, ಕೋಳಿ ಬೇಕಾ?”

“ಆ ತಟ್ಟೆ ಬೇಕಿತ್ತಜ್ಜಿ. ನಮ್ಮ ಹಳೇ ಅಮೆರಿಕನ್ ಕಾರಿಗೆ. ಡೂಪ್ಲಿಕೇಟ್ ಹಾಕಬಾರದು ಅಂತಿದ್ರು ಅಪ್ಪ.”

“ತಗೊಂಡು ಹೋಗು. ಬೇರೆ ತಟ್ಟೆ ತಂದ್ಕೊಡು, ನನ್ನ ಕೋಳಿಗಳಿಗೆ ಡೂಪ್ಲಿಕೇಟ್ ನಡಿಯುತ್ತೆ.”

“ನಾಲ್ಕೂ ಚಕ್ರಕ್ಕೆ ಅಸಲಿ ಕ್ಯಾಪ್ ಕೂರಲಿ, ಆಮೇಲೆ ಸುತ್ತಾಡಿಸ್ತೀನಿ” ಎಂದು ನೀನು ಅಮ್ಮನಿಗೆ ಹೇಳುತ್ತಲೇ ಇದ್ದೆಯಲ್ಲ. ಮನೆಗೆ ತಂದು ಕೊಕ್ಕಿನ ಗೀರುಗಳನ್ನು ಉಜ್ಜತೊಡಗಿದೆ. ಅಮ್ಮ ಚಪ್ಪಲಿ ಮೆಟ್ಟಿಕೊಂಡು ಬಂದಳು.

“ಗೀರು ಇರ್ಲಿ ಬಿಡೋ. ನಿಮ್ಮಪ್ಪನ ಹಾಗೆ ಉಜ್ತಾ ಕೂರಬೇಡ, ಗಾಡಿ ತೆಗಿ.”

ಕ್ಯಾಪ್ ಕೂರಿಸಿ ಗಾಡಿ ತೆಗೆದೆ, ಅಪ್ಪಾ. ದಾರಿಯುದ್ದಕ್ಕೂ ನಿನ್ನನ್ನು ಬೈಯುತ್ತಾ ನಗುತ್ತಿದ್ದಳು. ನಾಳೆಯೂ ಹೋಗೋಣ ಅಂದಿದ್ದಾಳೆ.