ಬೆಕ್ಕಿನ ಕೊರಳಿನ ಬಳೆ

ಜುಲೈ 8, ಸೋಮವಾರ

ಮೂರನೇ ಪೀರಿಯಡ್. ಹತ್ತನೇ ಕ್ಲಾಸು. ಮತ್ತೆ ಅದೇ ಬಳೆ ಪಾಠ, ಮತ್ತೆ ಗೋಡೆಗೆ ತಲೆ ಚಚ್ಚಿಕೊಂಡದ್ದಾಯಿತು.

ಕಥೆ ಇಷ್ಟೇ. ಮುಂದೆಂದೋ ಒಂದು ಕಾಲ, ಒಂದು ಊರು. ಎಲ್ಲರ ಕೈಯಲ್ಲೂ ಬಳೆ. ಯಾರು ಎಲ್ಲಿದ್ದಾರೆ ಅಂತ ಪರದೆ ಮೇಲೆ ಕಾಣುತ್ತಲೇ ಇರುತ್ತದೆ. ಕೊನೆಗೆ ಒಬ್ಬ ಹುಡುಗಿ ಕೈಗೆ ಎಣ್ಣೆ ಸವರಿ, ಬಳೆ ಜಾರಿಸಿ, ಬೆಕ್ಕಿನ ಕೊರಳಿಗೆ ಕಟ್ಟಿ ಊರು ಬಿಡುತ್ತಾಳೆ. ಮೊದಲ ಸಲ ಓದಿದಾಗ ನನಗೆ ಮೈ ಜುಮ್ಮೆಂದಿತ್ತು.

ಇವರಿಗೆ?

"ಕಳೆದುಹೋದ್ರೆ ಹುಡುಕೋಕೆ ಈಸಿ ಅಲ್ವಾ ಟೀಚರ್?"

"ತಪ್ಪು ಮಾಡದೋರಿಗೆ ಏನು ಭಯ?"

ಮೊದಲ ಬೆಂಚಿನ ಹುಡುಗ — ನಾನಿಟ್ಟ ಹೆಸರು ತರಲೆ — ಎದ್ದು ನಿಂತು, "ಬೆಕ್ಕು ಊರೆಲ್ಲಾ ಸುತ್ತಿದ್ರೆ ಸ್ಟೆಪ್ಸ್ ಅವಳ ಲೆಕ್ಕಕ್ಕೇ ಬರತ್ತಾ ಟೀಚರ್?" ಕ್ಲಾಸೆಲ್ಲ ಹೋ ಅಂತ ನಗು. ಕೋಣನ ಮುಂದೆ ಕಿನ್ನರಿ.

ಕೊನೇ ಬೆಂಚಿನಲ್ಲಿ ಮಗಳು. ಸ್ವಂತ ಮಗಳು ಸ್ವಂತ ಕ್ಲಾಸಿನಲ್ಲಿರುವ ಪಾಡು ಶತ್ರುವಿಗೂ ಬೇಡ. ಅಲ್ಲಿ ನಾನು "ಟೀಚರ್", ಮನೆಯಲ್ಲಿ "ಅಮ್ಮ". ಎರಡೂ ಕಡೆ ಅವಳದ್ದು ಊದಿದ ಮುಖವೇ.

ಜುಲೈ 9

ಉತ್ತರಗಳನ್ನು ತಿದ್ದಿದೆ. ಪ್ರಶ್ನೆ: ಕಥೆಯ ಊರು ನಮ್ಮ ಊರಿನ ಹಾಗಿದೆಯೇ? ಎಲ್ಲರದ್ದೂ ಒಂದೇ ರಾಗ — ತಂತ್ರಜ್ಞಾನದಿಂದ ಒಳಿತೂ ಇದೆ, ಕೆಡುಕೂ ಇದೆ, ನಾವು ಹಿತಮಿತವಾಗಿ ಬಳಸಬೇಕು. ಅಯ್ಯೋ, ಒಬ್ಬರಾದರೂ ಪೇಚಾಡಬಾರದೆ! ಮಗಳದ್ದೂ ಅದೇ. ಉಳಿದವರಿಗಿಂತ ಕಮ್ಮಿ ಮಾರ್ಕು ಹಾಕಿದೆ. ಪಕ್ಷಪಾತ ಅನ್ನುವವರ ಬಾಯಿಗೆ ಬೀಗ. ಆದರೂ ಹೊಟ್ಟೆ ಉರಿಯಿತು. ನನ್ನ ಮಗಳಿಗೂ ತನ್ನದೇ ಅನ್ನುವ ಒಂದು ಮಾತಿಲ್ಲವೆ?

ಸಂಜೆ ಮಗಳೆಲ್ಲಿದ್ದಾಳೆ ಅಂತ ಆ್ಯಪ್ ನೋಡಿದೆ. ಹಸಿರು ಚುಕ್ಕೆ ಲೈಬ್ರರಿಯಲ್ಲಿ. ದಿನಾ ಸಂಜೆ ಅಲ್ಲೇ, ಅಲುಗುವುದೇ ಇಲ್ಲ. ಪಾಪ, ಓದುತ್ತಾಳೆ. ಅವಳ ಫೋನಿಗೆ ಅದನ್ನು ಹಾಕಿದ್ದು ನಾನೇ. ಕಾಲ ಕೆಟ್ಟಿದೆ, ಹೆಣ್ಣುಮಗು, ಇರಲಿ ಅಂತ.

ಜುಲೈ 11

ಪಟ್ಟು ಬಿಡಲಿಲ್ಲ. "ಬಳೆ ತೊಡಿಸಿದ್ದು ಯಾರು?" ಅಂದೆ.

"ಸರ್ಕಾರ!" — ಇಡೀ ಕ್ಲಾಸು. ಸದ್ಯ, ಇಷ್ಟಾದರೂ ಗೊತ್ತಿದೆ ಅಂದುಕೊಂಡೆ.

"ಸರ್ಕಾರ ಅಂತ ಕಥೇಲಿ ಎಲ್ಲೂ ಇಲ್ಲ ಟೀಚರ್." ಮಗಳು. ಎದ್ದು ನಿಂತಿದ್ದಳು.

"ಮತ್ತಿನ್ಯಾರಮ್ಮ?"

"ದಿನಾ ಮಲಗಿಸೋವಾಗ ಬಳೆ ಬಿಗಿಯಾಗಿದ್ಯಾ ಅಂತ ಮುಟ್ಟಿ ನೋಡ್ತಾರೆ ಅಂತಿದೆ. ಮಕ್ಕಳನ್ನ ಸರ್ಕಾರ ಮಲಗಿಸತ್ತಾ?"

ಯಾರೂ ನಗಲಿಲ್ಲ. ತರಲೆ ಕೂಡ. "ತಲೆಹರಟೆ ಬೇಡ, ಕೂತ್ಕೋ" ಅಂದುಬಿಟ್ಟೆ. ಆಮೇಲೆ ಸ್ಟಾಫ್ ರೂಮಿನಲ್ಲಿ ಪಾಠ ತೆರೆದು ಮೊದಲಿನಿಂದ ಓದಿದೆ. ಇಲ್ಲ. ಸರ್ಕಾರ ಅನ್ನುವ ಪದವೇ ಇಲ್ಲ! ಇಷ್ಟು ವರ್ಷ ಅದನ್ನೇ ಹೇಳಿಕೊಟ್ಟಿದ್ದೇನೆ. ಸಿಟ್ಟು ಅವಳ ಮೇಲೋ ನನ್ನ ಮೇಲೋ ತಿಳಿಯಲಿಲ್ಲ.

ಜುಲೈ 12

ನೀನು ಹೇಳಿದ್ದೇ ಸರಿ ಅಂತ ಹೇಳೋಣವೆಂದು ಸಂಜೆ ಲೈಬ್ರರಿಗೇ ಹೋದೆ. ಚುಕ್ಕೆ ಅಲ್ಲೇ ಇತ್ತು. ಮಗಳಿರಲಿಲ್ಲ. ಲೈಬ್ರರಿಯವರ ಮೇಜಿನ ಪಕ್ಕ ಅವಳ ಫೋನು, ಚಾರ್ಜಿಗೆ.

"ದಿನಾ ಇಟ್ಟು ಹೋಗ್ತಾಳಲ್ಲ ಮೇಡಂ. ಮನೆಗೆ ಹೋಗೋವಾಗ ತಗೋತಾಳೆ. ನಿಮಗೆ ಗೊತ್ತು ಅಂದ್ಕೊಂಡಿದ್ದೆ."

ಏನೇನೋ ಕೆಟ್ಟ ಯೋಚನೆ. ಕಿಟಕಿಯಾಚೆ ಮೈದಾನ — ಅಲ್ಲಿ ಮೋಟುಗೋಡೆ ಮೇಲೆ ಕಾಲಾಡಿಸುತ್ತ ಕೂತಿದ್ದಾಳೆ. ಪಕ್ಕದಲ್ಲಿ ಕ್ಲಾಸಿನ ಇಬ್ಬರು ಹುಡುಗಿಯರು. ಏನೂ ಮಾಡುತ್ತಿಲ್ಲ. ನಗುತ್ತಿದ್ದಾಳೆ, ಹೊಟ್ಟೆ ಹಿಡಿದುಕೊಂಡು. ಆ ನಗುವನ್ನು ಮನೆಯಲ್ಲಿ ಕೇಳಿ ಎಷ್ಟು ಕಾಲವಾಯಿತು… ಇಷ್ಟಕ್ಕೆ ಅಷ್ಟೆಲ್ಲಾ ನಾಟಕವೆ? ಹೋಗಿ ಕಪಾಳಕ್ಕೆರಡು ಬಿಗಿಯಬೇಕು ಅನಿಸಿತು. ಅತ್ತುಬಿಡಬೇಕು ಅಂತಲೂ ಅನಿಸಿತು. ಎರಡೂ ಮಾಡದೆ ಮನೆಗೆ ಬಂದೆ.

ಜುಲೈ 13, ಶನಿವಾರ

ಲೈಬ್ರರಿಯವರು ಹೇಳಿಬಿಟ್ಟಿದ್ದಾರೆ. ತಿಂಡಿಗೆ ಕೂತಾಗ ಅವಳೇ ಮಾತು ತೆಗೆದಳು.

"ಬಂದಿದ್ಯಂತೆ."

"ನೀನು ಸುಳ್ಳು ಹೇಳಿದೆ."

"ಲೈಬ್ರರೀಲಿದೀನಿ ಅಂತ ನಾನ್ಯಾವತ್ತು ಹೇಳಿದ್ದೆ? ನೀನು ಕೇಳ್ಲೇ ಇಲ್ವಲ್ಲಮ್ಮ. ಕೇಳಿದ್ರೆ ಹೇಳ್ತಿದ್ದೆ."

ಹೌದು. ಕೇಳಿರಲಿಲ್ಲ. ನೋಡುತ್ತಿದ್ದೆ, ಅಷ್ಟೇ.

ಇವರು ಪೇಪರಿನ ಹಿಂದಿನಿಂದ, "ಪಾಠ ಚೆನ್ನಾಗೇ ಕಲ್ತಿದಾಳೆ ಬಿಡೆ. ಟೀಚರು ಒಳ್ಳೆಯೋರಿರಬೇಕು." ಉರಿಯುವ ಬೆಂಕಿಗೆ ತುಪ್ಪ. ಗಂಡ ಅಂತ ಒಬ್ಬರು ಇದ್ದಾರೆ, ಪೇಪರ್ ಓದುವುದಕ್ಕೆ.

"ಆಯ್ತು, ಆ ಆ್ಯಪ್ ತೆಗೆದು ಹಾಕ್ತೀನಿ" ಅಂದೆ.

"ಇವತ್ತೇ?"

"ಇವತ್ತೇ. ನಿನ್ನಾಣೆ."

ನಂಬಿದ ಹಾಗೆ ಕಾಣಲಿಲ್ಲ. ಆದರೆ ತಟ್ಟೆ ಎತ್ತುವಾಗ ನನ್ನದನ್ನೂ ಎತ್ತಿಕೊಂಡು ಹೋದಳು.

ಜುಲೈ 19

ತೆಗೆದಿಲ್ಲ. ದಿನಾ ನಾಳೆ ನಾಳೆ ಅಂತಲೇ ಆಯಿತು. ನೋಡಿಲ್ಲ ಮಾತ್ರ — ದೇವರಾಣೆ.

ಕ್ಲಾಸಿನಲ್ಲಿ ತರಲೆ ಕೇಳಿದ, "ಹಾಗಾದ್ರೆ ಬಳೆ ತೊಡಿಸಿದ ಅಮ್ಮ ಕೆಟ್ಟೋಳಾ ಟೀಚರ್?" ಇಂಥ ಒಂದು ಪ್ರಶ್ನೆಗೆ ಎಷ್ಟು ವರ್ಷ ಕಾದಿದ್ದೆ. ಬಂದಾಗ ಪುಸ್ತಕದ ಹಾಳೆ ತಿರುವುತ್ತ ನಿಂತೆ. ಬೆಲ್ ಹೊಡೆಯಿತು, ಬಚಾವಾದೆ. ಕೊನೇ ಬೆಂಚಿನ ಕಡೆ ನೋಡುವ ಧೈರ್ಯವಾಗಲಿಲ್ಲ.

ಸಂಜೆ

ಕತ್ತಲಾಗುತ್ತಿದೆ. ಬಂದಿಲ್ಲ. ರಿಂಗ್ ಆಗುತ್ತದೆ, ಎತ್ತುತ್ತಿಲ್ಲ. ಎಲ್ಲಿಗೆ ಅಂತ ಬೆಳಿಗ್ಗೆ ಕೇಳಬೇಕಿತ್ತು… ಇವತ್ತೂ ಕೇಳಲಿಲ್ಲ. ತೆಗೆದುಬಿಡೋಣ ಅಂತಲೇ ಆ್ಯಪ್ ತೆರೆದೆ, ನಿಜವಾಗಿ. ತೆಗೆಯುವ ಮುಂಚೆ ಒಂದೇ ಒಂದು ಸಲ ನೋಡಿಬಿಡೋಣ ಅಂತ…

ಚುಕ್ಕೆ ಮನೆಯಲ್ಲಿ. ನಮ್ಮ ಮನೆಯಲ್ಲಿ!

ಅವಳ ರೂಮಿಗೆ ಹೋದೆ. ಮಂಚದ ಮೇಲೆ ಹಳೇ ಬಟ್ಟೆಬೆಕ್ಕು. ಅವಳು ಚಿಕ್ಕವಳಿದ್ದಾಗ ನಾನೇ ಹೊಲಿದುಕೊಟ್ಟದ್ದು, ಒಂದು ಕಣ್ಣಿನ ಗುಂಡಿ ಕಿತ್ತುಹೋಗಿದೆ. ಬಾಗಿಲಿಗೆ ಮುಖ ಮಾಡಿ ಕೂರಿಸಿದ್ದಾಳೆ. ಕೊರಳಿಗೆ ರಿಬ್ಬನ್ನಿನಲ್ಲಿ ಕಟ್ಟಿದ ಫೋನು, ಸೈಲೆಂಟಿನಲ್ಲಿ.

ನೋಡಿಯೇ ನೋಡುತ್ತೇನೆ ಅಂತ ಅವಳಿಗೆ ಗೊತ್ತಿತ್ತು.

ಸಿಟ್ಟು ಬರಬೇಕಿತ್ತು. ನಾಚಿಕೆಯಾಯಿತು. ಅಲ್ಲೇ ಕೂತು ಆ್ಯಪ್ ತೆಗೆದು ಹಾಕಿದೆ. ಬೆಕ್ಕಿನ ಪಕ್ಕದಲ್ಲೇ ಕೂತು ಇದನ್ನು ಬರೆಯುತ್ತಿದ್ದೇನೆ.

ಗೇಟಿನ ಸದ್ದು. ಅವಳೇ. ಎದ್ದು ಹೋಗಿ, ಈ ರೂಮಿಗೆ ಬರಲೇ ಇಲ್ಲ ಅನ್ನಲೋ, ನೋಡಿದೆ ಕಣೇ ಅಂ—