ನಿಮ್ಮ ಕಾರಿನ ಗಾಳಿ

ಅಪ್ಪಾ,

ನೀವು ನನಗೆ ಮುಟ್ಟಲೂ ಬಿಡದಿದ್ದ ಕಾರಿನ ಎಸಿ ಕಂಪ್ರೆಸರ್ ಬಿಚ್ಚಿ, ಟೈರಿಗೆ ಗಾಳಿ ತುಂಬುವ ಯಂತ್ರ ಮಾಡಿದ್ದೇನೆ. ಮೊದಲು ಕಾರಿನಲ್ಲಿದ್ದಾಗ ತಂಪು ಮಾಡುವ ಗ್ಯಾಸಿನ ಜೊತೆ ಎಣ್ಣೆ ತಾನಾಗಿ ಸುತ್ತುತ್ತಿತ್ತು; ಈಗ ನಾನು ಎಣ್ಣೆ ಹನಿಸದಿದ್ದರೆ ಕಂಪ್ರೆಸರ್ ಕಚ್ಚಿಕೊಂಡು ನಿಂತುಬಿಡುತ್ತದೆ.

ಅಮ್ಮನಿಗೆ ಹೇಳಿರಲಿಲ್ಲ. ನೀವು ಸತ್ತ ಮೇಲೆ ಅವಳು ಪ್ರತಿ ಮಧ್ಯಾಹ್ನ ಆ ಕಾರಿನಲ್ಲಿ ಎಸಿ ಹಾಕಿಕೊಂಡು, ನಿಮ್ಮ ಸೀಟಿನ ಪಕ್ಕದಲ್ಲಿ ಕೂರುತ್ತಾಳೆ. ಇವತ್ತೂ ಕೂತಳು. ಕತ್ತಿನಿಂದ ಬೆವರು ಇಳಿಯುತ್ತಿತ್ತು.

“ಗಾಜು ಇಳಿಸಮ್ಮ,” ಅಂದೆ.

“ಬೇಡ ಕಣೇ. ತಣ್ಣಗಾಗೋಕೆ ಸ್ವಲ್ಪ ಹೊತ್ತು ಬೇಕು, ನಿನ್ನ ಅವಸರಕ್ಕೆ ಕಾರು ಕುಣಿಯಲ್ಲ ಅಂತ ನಿಮ್ಮಪ್ಪ ನನಗೆ ಬೈತಿದ್ರು.”

“ಹಾಗಾದ್ರೆ ಕಾಯ್ತಾ ಇರು,” ಅಂದೆ.

ಯಂತ್ರಕ್ಕೆ ಎಣ್ಣೆ ಹನಿಸಿ, ಅವಳು ಕೂತಿದ್ದ ಕಾರಿನ ಟೈರುಗಳಿಗೇ ಗಾಳಿ ತುಂಬಿ ನೋಡಿದೆ. ಚೆನ್ನಾಗಿ ಓಡಿತು. ಅವಳು ಗಾಜು ಇಳಿಸಲೇ ಇಲ್ಲ.