ಬಲಗಣ್ಣು ಕಾಣದ ಫೋಟೋಗಳು

ಮೂಡಲಗಿಯ ಫೋಟೋ ಸ್ಟುಡಿಯೋದಲ್ಲಿ ಕುಳಿತಿರುತ್ತಿದ್ದ ನನ್ನಪ್ಪನಿಗೆ,

ನಿನ್ನನ್ನು ಮಣ್ಣಿಗೆ ಒಯ್ಯುವ ಮೊದಲು ಕುರ್ಚಿಯಲ್ಲಿ ಕೂರಿಸಿ, ವಿಭೂತಿ ಹಚ್ಚಿ, ಮನೆಮಂದಿಯೆಲ್ಲ ಸುತ್ತ ನಿಂತು ಫೋಟೋ ತೆಗೆಸಿಕೊಂಡೆವು. ಕ್ಯಾಮೆರಾ ಎತ್ತಿದ ಕೂಡಲೇ ನನ್ನ ಮುಖ ತಾನಾಗಿ ಬಲಕ್ಕೆ ಹೊರಳಿತು, ರೆಪ್ಪೆ ಕೆಳಗಿಳಿಯಿತು. ನೀನು ಸತ್ತು ಕುಳಿತಾಗಲೂ ನಿನ್ನ ಮಾತೇ ನಡೆಯಿತು, ನೋಡು.

ಊರಿನವರಿಗೆಲ್ಲ “ಇಲ್ಲಿ ನೋಡ್ರಿ” ಎನ್ನುತ್ತಿದ್ದವನು ನನಗೊಬ್ಬಳಿಗೆ “ಮಾರಿ ಆ ಕಡೆ ಹೊಳ್ಳಸು, ಕೆಳಗ ನೋಡು” ಎನ್ನುತ್ತಿದ್ದೆ. ನನ್ನ ಬಲಗಣ್ಣು ಮೂಗಿನ ಕಡೆ ಸರಿದದ್ದು ಯಾರಿಗೂ ಕಾಣಬಾರದಿತ್ತು. ಸಂಬಂಧಕ್ಕೆಂದು ಹುಕ್ಕೇರಿಗೆ ಕಳಿಸಿದ ಫೋಟೋದಲ್ಲೂ ನಾನು ಹೂವು ಮೂಸುತ್ತಿದ್ದೆ. ನೋಡಲು ಬಂದ ದಿನ ತಲೆ ತಗ್ಗಿಸಿದ್ದನ್ನು ಅವರು ನಾಚಿಕೆ ಎಂದುಕೊಂಡರು. ಮದುವೆಯಾದ ಮೇಲೆ ಅತ್ತೆ ಅಂದದ್ದು ಒಂದೇ ಮಾತು: “ಫೋಟೋದಾಗ ಚಂದ ಇದ್ದಿ.” ಅದನ್ನು ನಿನಗೆ ಹೇಳಲಿಲ್ಲ. ಹೇಳಿದ್ದರೆ...

ನೀನು ಹೋದ ಮೇಲೆ ನನಗೊಬ್ಬ ಮಗಳು ಹುಟ್ಟಿದಳು. ಎರಡು ತುಂಬಿದ ಯುಗಾದಿಯ ಹೊತ್ತಿಗೆ ಅವಳ ಒಂದು ಕಣ್ಣೂ ಒಳಗೆ ಸರಿಯತೊಡಗಿತು. ಗೋಕಾಕಕ್ಕೆ ಕರೆದೊಯ್ದೆ. ಮೆಳ್ಳೆಗಣ್ಣನ್ನೇ ನೋಡುವ ಲೇಡಿ ಡಾಕ್ಟರ್ ನನ್ನ ಕಣ್ಣನ್ನೂ ನೋಡಿದರು. ಯಾವಾಗ ಶುರುವಾಯಿತೆಂದು ತಿಳಿಯಲು ನನ್ನ ಸಣ್ಣಂದಿನ ಫೋಟೋ ಕೇಳಿದರು. ನಮ್ಮ ಮನೆಯಲ್ಲಿ ಫೋಟೋಕ್ಕೇನು ಬರ? ಆಲ್ಬಮ್ಮನ್ನೇ ಒಯ್ದೆ. ಅವರು ಹಾಳೆ ತಿರುವುತ್ತಲೇ ಹೋದರು.

“ಒಂದರಾಗೂ ಎರಡೂ ಕಣ್ಣ ಕಾಣವಲ್ವು. ಯಾರ ತಗದಾರ್ರೀ ಇವನ್ನ?”

“ನಮ್ಮಪ್ಪ ರೀ.”

ಅವರು ಆಲ್ಬಮ್ ಮುಚ್ಚಿದರು. “ಕಣ್ಣ ಈಗೂ ಸೀದಾ ಮಾಡಬಹುದು, ಆಪರೇಷನ್‌ಗೆ ವಯಸ್ಸಿನ ಹಂಗಿಲ್ಲ. ಆದ್ರ ಆ ಕಣ್ಣಾಗ ಹೋದ ನೋಟ ತಿರುಗಿ ಬರಂಗಿಲ್ಲವ್ವಾ. ಈ ಕೂಸಿನಷ್ಟ ಇದ್ದಾಗ ಬರಬೇಕಿತ್ತು.”

ಎಲ್ಲರಿಗಿಂತ ಮೊದಲು ನೀನೇ ನೋಡಿದ್ದೆಯಲ್ಲ ಅಪ್ಪಾ? ದೀಪ ಎಲ್ಲಿಡಬೇಕು, ಕತ್ತು ಎಷ್ಟು ಹೊರಳಿಸಬೇಕು ಎಂದು ಅಷ್ಟೊಂದು ಯೋಚಿಸುತ್ತಿದ್ದವನು ಒಂದು ಸಲ ಗೋಕಾಕದ ಬಸ್ ಹತ್ತಿಸಿದ್ದರೆ... ಪ್ರೀತಿಯಿಂದಲೇ ಮಾಡಿದೆ, ಗೊತ್ತು. ಸಿಟ್ಟು ಮಾತ್ರ ಹೋಗುತ್ತಿಲ್ಲ.

ಮಗಳ ಒಳ್ಳೆಯ ಕಣ್ಣಿಗೆ ದಿನಾ ಪಟ್ಟಿ ಅಂಟಿಸುತ್ತೇನೆ, ಸೊರಗಿದ ಕಣ್ಣು ನೋಡುವುದನ್ನು ಕಲಿಯಲಿ ಎಂದು. ಕಚ್ಚುತ್ತಾಳೆ, ಪರಚುತ್ತಾಳೆ. ಎಷ್ಟು ನೋಟ ಬರುತ್ತದೋ ಡಾಕ್ಟರೂ ಹೇಳಲೊಲ್ಲರು. ಅಳು ಕೇಳಲಾರದೆ ಅತ್ತೆ “ಬಿಚ್ಚ, ಸಾಕು” ಎನ್ನುತ್ತಾರೆ. ನೀನಿದ್ದರೆ ನೀನೂ ಬಿಚ್ಚುತ್ತಿದ್ದೆ. ನಾನು ಬಿಚ್ಚುವುದಿಲ್ಲ ಅಪ್ಪಾ. ಇದನ್ನು ಬರೆಯುವಾಗಲೂ ಅವಳು ನನ್ನ ಎದುರಿಗೇ ಕುಳಿತು ಕೈಚಾಚಿ ತಡಕಾಡುತ್ತಿದ್ದಾಳೆ.

“ಅವ್ವಾ, ಎಲ್ಲಿ ಅದಿ?”

“ಇಲ್ಲೇ ಅದೇನಿ. ನೋಡು.”